ಸೋಮವಾರ ಕಟ್ಟದ ಬಂಡಿ

ನನ್ನ ತಮ್ಮ ವೆಂಕಟಸ್ವಾಮಿ ದಂಡಿಗೆ ಸೇರಿದ್ದು ನಮ್ಮನ್ನು ಕೇಳಿಕೊಂಡಲ್ಲ. ಕೇಳಿದ್ದರೆ ಕಾಲು ಮುರಿದು ಮೂಲೆಯಲ್ಲಿ ಕೂರಿಸುತ್ತಿದ್ದೆ. ತಾಯಿ ಇಲ್ಲದ ಹುಡುಗ, ನಾನು ಮದುವೆಯಾಗಿ ತೊರಪಲ್ಲಿಗೆ ಬಂದಾಗ ನನ್ನ ಸೆರಗು ಹಿಡಿದುಕೊಂಡೇ ಬಂದವನು. ನಮ್ಮ ಮನೆಯ ಮುದ್ದೆ ತಿಂದು ಬೆಳೆದ. ಮೀಸೆ ಮೂಡಿದ ಮೇಲೆ ಒಂದು ದಿನ ಸಂತೆಗೆ ಹೋಗಿಬರುತ್ತೇನೆಂದು ಹೊರಟವನು ಕೃಷ್ಣಗಿರಿಯಲ್ಲಿ ಹೆಬ್ಬೆಟ್ಟು ಒತ್ತಿ ಸಿಪಾಯಿಯಾಗಿಬಿಟ್ಟ.

ಅದು ಸಾವಿರದ ಒಂಬೈನೂರ ನಲವತ್ತಮೂರು, ಯುದ್ಧದ ಕಾಲ. ಒಂದು ಸೋಮವಾರ ಬೆಳಿಗ್ಗೆ ಕಡಲೆಕಾಯಿ ವ್ಯಾಪಾರದ ಶ್ಯಾಮಣ್ಣ ಕೃಷ್ಣಗಿರಿಯಿಂದ ಸುದ್ದಿ ತಂದ.

"ಗೋವಿಂದಮ್ಮಾ, ನಿನ್ ತಮ್ಮ ಸಿಕ್ಕಿದ್ದ. ನಾಳೆ ಒತ್ತಾರೆ ಲಾರೀಲಿ ಅವ್ರನ್ನೆಲ್ಲಾ ಜೋಲಾರಪೇಟೆಗೆ ಕರ್ಕೊಂಡ್ ಹೋಗ್ತಾರಂತೆ. ಅಲ್ಲಿಂದ ರೈಲು, ಆಮೇಕೆ ಬರ್ಮಾ ಕಡೆ. ಹೋಗೋಕ್ ಮುಂಚೆ ಅಕ್ಕನ್ನ ಒಂದ್ಸಲ ನೋಡ್ಬೇಕು, ಬರಾಕ್ ಹೇಳು ಅಂದ."

ಹೋಗುವುದೇನೋ ಹೋಗಬೇಕು, ಯಾವುದರಲ್ಲಿ? ಊರಿನಲ್ಲಿದ್ದ ಒಂದೇ ಕಾರು ಸಾಹುಕಾರ ರಾಮಕೃಷ್ಣಪ್ಪನದು. ಪೆಟ್ರೋಲಿಗೆ ಕೂಪನ್ನು ಬಂದಾಗಿನಿಂದ ಅದು ಕೊಟ್ಟಿಗೆ ಸೇರಿ, ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಹೊಸೂರಿನಿಂದ ಮೊರಪ್ಪೂರಿಗೆ ಓಡುತ್ತಿದ್ದ ಚಿಕ್ಕ ರೈಲಾದರೂ ಇದ್ದಿದ್ದರೆ ರಾಯಕೋಟೆಯಲ್ಲಿ ಇಳಿದು ಮಿಕ್ಕ ದಾರಿ ನಡೆಯಬಹುದಿತ್ತು. ಯುದ್ಧಕ್ಕೆ ಕಬ್ಬಿಣ ಬೇಕೆಂದು ಅದರ ಹಳಿಯನ್ನೂ ಕಿತ್ತುಕೊಂಡು ಹೋಗಿದ್ದರು. ಉಳಿದದ್ದು ನಮ್ಮ ಎತ್ತಿನ ಬಂಡಿ.

ಒಳ್ಳೆಯ ಜೋಡಿ ನಮ್ಮದು. ಕರುಗಳಾಗಿದ್ದಾಗಿನಿಂದ ವೆಂಕಟನೇ ಮೇಯಿಸಿ, ಮೈ ತೊಳೆದು ಬೆಳೆಸಿದ ಎತ್ತುಗಳು. ಮಧ್ಯಾಹ್ನ ಕಟ್ಟಿ, ಶೂಲಗಿರಿಯಲ್ಲಿ ನೀರು ಕುಡಿಸಿ ಹೊಡೆದರೆ ಹೊತ್ತು ಮೂಡುವ ಮೊದಲೇ ಕೃಷ್ಣಗಿರಿ. ಖರ್ಚೆಂದರೆ ಒಂದು ಹೊರೆ ಹುಲ್ಲು. ಆದರೆ ಹಾಳಾದ್ದು ಅಂದು ಸೋಮವಾರ. ಸೋಮವಾರ ಬಸವಣ್ಣನ ದಿನ, ನಮ್ಮ ಕಡೆ ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಉಳುಮೆಯೂ ಇಲ್ಲ, ಬಂಡಿಯೂ ಇಲ್ಲ. ಇದರಲ್ಲಿ ನನ್ನ ಯಜಮಾನ ಲಕ್ಷ್ಮಣಪ್ಪ ಊರಿಗೆಲ್ಲ ಒಂದು ಕೈ ಮೇಲು.

"ಇವತ್ತೊಂದಿನ ಕಟ್ಟು. ಬಸವಣ್ಣ ಏನ್ ಕೋಪ ಮಾಡ್ಕಳಲ್ಲ," ಅಂದೆ.

"ನಮ್ಮಪ್ಪ ಕಟ್ಟಲಿಲ್ಲ, ನಮ್ ತಾತ ಕಟ್ಟಲಿಲ್ಲ. ನಾನೂ ಕಟ್ಟಾಕಿಲ್ಲ. ಹೊಸೂರಿಂದ ಇದ್ಲು ಬಸ್ಸೈತಲ್ಲ, ಅದ್ರಾಗ್ ಹೋಗಾನ."

"ಅದೂ ಒಂದ್ ಬಸ್ಸಾ? ಗಾಲಿ ಕಟ್ಟಿದ ಒಲೆ! ದಾರೀಲಿ ಆರೋದ್ರೆ ನೀನು ಊದ್ತೀಯಾ?"

"ಸುಮ್ಕಿರೇ. ಬಸ್ಸೇನು ಎತ್ತಿಗಿಂತ ನಿಧಾನ ಹೋಯ್ತದಾ?"

ನನ್ನ ಬಾಯಿ ಸಣ್ಣದಲ್ಲ, ಊರಿಗೇ ಗೊತ್ತು. ಅತ್ತು ಕರೆದು ಮಾಡಿದೆ, ತಟ್ಟೆ ಕುಕ್ಕಿದೆ. ಆಸಾಮಿ ಜಗ್ಗಲಿಲ್ಲ. ಹಾಗೆಂದು ಅವನಿಗೆ ವೆಂಕಟನ ಮೇಲೆ ಪ್ರೀತಿ ಇರಲಿಲ್ಲವೆಂದು ನಾನು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಮಕ್ಕಳಿಲ್ಲದ ನಮಗೆ ಅವನೇ ಮಗ. ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿದವನು, ನೇಗಿಲು ಹಿಡಿಯುವುದನ್ನು ಕಲಿಸಿದವನು ಇದೇ ನನ್ನ ಗಂಡ.

ಹೊಸೂರಿಗೆ ನಡೆದು ಹೋಗಿ ಸಂಜೆಯ ಬಸ್ಸು ಹತ್ತಿದೆವು. ಬಸ್ಸಿನ ಬೆನ್ನಿಗೆ ರಾಗಿ ತುಂಬುವ ವಾಡೆಯಷ್ಟು ದಪ್ಪದ ಕಬ್ಬಿಣದ ಪೀಪಾಯಿ, ಅದರೊಳಗೆ ಪೆಟ್ರೋಲಿನ ಬದಲು ಉರಿಸುವ ಇದ್ದಿಲು. ಕ್ಲೀನರು ಹಿಡಿ ತಿರುಗಿಸಿ ತಿರುಗಿಸಿ ಗಾಳಿ ಊದಿದ ಮೇಲೆ ಅದು ಕೆಮ್ಮುತ್ತಾ ಹೊರಟಿತು. ಶೂಲಗಿರಿ ದಾಟಿ ಏರು ಬಂದದ್ದೇ ತಡ, ಉಸ್ಸೆಂದು ನಿಂತಿತು. ಗಂಡಸರೆಲ್ಲ ಇಳಿದು ತಳ್ಳಿದರು. ನನ್ನವನ ಮುಖ ಕಾವಲಿ ತಳದಂತಾಯಿತು. ಬಸ್ಸು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಬೆಳಗಾಗುವವರೆಗೂ ರಸ್ತೆ ಬದಿಯಲ್ಲಿ ಕೂತು ನಾನು ಅವನಿಗೆ ಸಹಸ್ರನಾಮ ಮಾಡಿದೆ.

ಬೆಳಿಗ್ಗೆ ಮತ್ತೆ ಒಲೆ ಹತ್ತಿಕೊಂಡಿತು. ಕೃಷ್ಣಗಿರಿ ಸೇರಿ ದಂಡು ಇಳಿದಿದ್ದ ಮೈದಾನಕ್ಕೆ ಓಡಿದರೆ ಲಾರಿಗಳು ಇನ್ನೂ ನಿಂತಿದ್ದವು! ಅಬ್ಬಾ, ಸದ್ಯ ಬದುಕಿದೆ ಅಂದುಕೊಂಡೆ. ಖಾಕಿ ತೊಟ್ಟ ಹುಡುಗರ ಮುಖಗಳನ್ನೆಲ್ಲ ಹುಡುಕಿದೆ. ಅವನಿಲ್ಲ.

"ವೆಂಕಟಸ್ವಾಮಿನಾ? ಅಕ್ಕ ಬತ್ತಾಳೆ ಅಂತ ಹೊಸೂರು ರಸ್ತೆ ಬಂಡಿ ತೋಪಿಗೆ ಹೋದ್ನಲ್ಲಾ," ಅಂದ ಅವನ ಜೊತೆಗಾರ ಒಬ್ಬ.

ಬಂಡಿ ತೋಪೆಂದರೆ ಹೊಸೂರು ಕಡೆಯ ಬಂಡಿಗಳು ಬಂದು ಎತ್ತು ಬಿಚ್ಚುವ ಹುಣಿಸೆ ತೋಪು. ನಮ್ಮ ಬಸ್ಸು ಅದರ ಮುಂದೆಯೇ ಹಾದು ಬಂದಿತ್ತು. ಹೊಗೆ ತಾಳಲಾರದೆ ನಾನು ಮುಖದ ತುಂಬಾ ಸೆರಗು ಹೊದ್ದು ಕೂತಿದ್ದೆ. ಬಂದ ದಾರಿಯಲ್ಲೇ ಇಬ್ಬರೂ ವಾಪಸು ಓಡಿದೆವು. ತೋಪಿನಲ್ಲಿ ಮಜ್ಜಿಗೆ ಮಾರುವ ಮುದುಕಿ ದೊಡ್ಡಮುನಿಯಮ್ಮ ಒಬ್ಬಳೇ ಇದ್ದಳು.

"ಸಿಪಾಯಿ ಹುಡ್ಗನಾ? ಲಾರಿ ಹಾರನ್ನು ಕೇಳಿಸ್ತು, ಈಗ್ ತಾನೆ ಗದ್ದೆ ಬದಿ ಹಿಡ್ಕೊಂಡು ಓಡೋದ್ನಲ್ಲವ್ವಾ! ಕೋಳಿ ಕೂಗೋ ಹೊತ್ಗೇ ಬಂದು ನಿಂತಿದ್ದ. ಬಂದ ಬಂಡಿಗೆಲ್ಲಾ ಎದುರು ಹೋಗಿ ಎತ್ತಿನ ಮಕ ನೋಡೋನು. ನಾನಂದೆ, ನಿನ್ನೆ ಸೋಮವಾರ ಕಣಪ್ಪಾ, ನಿಮ್ಮೋರು ಬಂಡಿ ಕಟ್ಟಿರ್ತಾರಾ, ಬಸ್ಸಿನ್ ತಾವ ಹೋಗಿ ನೋಡು ಅಂತ. ಕೇಳ್ಬೇಕಲ್ಲಾ! ನಮ್ ಬಾವ ಇನ್ಯಾರಿಗೂ ಕಟ್ಟಾಕಿಲ್ಲ ಕಣಜ್ಜಿ, ನನಗಾದ್ರೆ ಕಟ್ತಾನೆ ಅಂದ."

ಮತ್ತೆ ಮೈದಾನಕ್ಕೆ ಓಡಿದೆವು. ನಾವು ಸೇರುವಾಗ ಅಲ್ಲಿ ಲಾರಿಗಳ ಧೂಳೂ ಇರಲಿಲ್ಲ.

ನನ್ನ ಗಂಡ ಅಲ್ಲೇ ನೆಲದ ಮೇಲೆ ಕುಸಿದು ಕೂತ. "ಬಯ್ಯೇ," ಅಂದ. "ರಾತ್ರಿಯೆಲ್ಲಾ ಬೈದ್ಯಲ್ಲಾ, ಈಗ ಬಯ್ಯೇ."

ನಾನೂ ಅವನ ಪಕ್ಕದಲ್ಲೇ ನೆಲಕ್ಕೆ ಕೂತೆ.

ಮರುವರ್ಷ ಸುದ್ದಿ ಬಂತು. ಬರ್ಮಾದ ಕಾಡಿನಲ್ಲೇ ಹೋದನಂತೆ ನನ್ನ ತಮ್ಮ. ಮಣ್ಣು ಮಾಡಿದವರು ಯಾರೋ, ಎಲ್ಲೋ. ಅವನ ಮುಖವನ್ನು ಕೊನೆಯದಾಗಿ ಒಮ್ಮೆ ನೋಡಲಿಲ್ಲವಲ್ಲ ಎಂದು ಅತ್ತೂ ಅತ್ತೂ ನನ್ನ ಕಣ್ಣೀರು ಇಂಗಿತು. ಗಂಡನ ಮೇಲೆ ಸಿಟ್ಟು ಹೋಗಿತ್ತೇ ಎಂದರೆ, ಇಲ್ಲ. ಆದರೆ ಅವನು ಅನ್ನ ಬಿಟ್ಟು ಕೂತದ್ದನ್ನು ನೋಡಿ ಸಂಕಟವೂ ಆಗುತ್ತಿತ್ತು.

ಸುದ್ದಿ ಬಂದ ವಾರವೇ, ಸೋಮವಾರ ಬೆಳಿಗ್ಗೆ ನಾನು ಹಿತ್ತಲಲ್ಲಿ ಬೆರಣಿ ತಟ್ಟುತ್ತಿದ್ದೆ. ಮನೆ ಮುಂದೆ ಎತ್ತಿನ ಕೊರಳ ಗಂಟೆ ಕೇಳಿತು. ಬಂದು ನೋಡಿದರೆ ನನ್ನ ಗಂಡ ಬಂಡಿ ಕಟ್ಟಿ ನಿಲ್ಲಿಸಿದ್ದಾನೆ. ಬೀದಿಯ ಜನರೆಲ್ಲ ಬಾಗಿಲಿಗೆ ಬಂದು ಬಿಟ್ಟ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು.

"ಎಲ್ಲಿಗೆ?" ಅಂದೆ.

ಅವನು ಎತ್ತಿನ ಹಗ್ಗ ಹಿಡಿದು ನಿಂತೇ ಇದ್ದ.

"ನನಗಾದ್ರೆ ಕಟ್ತಾನೆ ಅಂದಿದ್ನಂತಲ್ಲೇ," ಅಂದ. "ಕಟ್ಟಿದೀನಿ ನೋಡು."

ನಾನು ಸಗಣಿ ಕೈ ಸೀರೆಗೆ ಒರೆಸಿಕೊಂಡು ಹೋಗಿ ಎತ್ತುಗಳ ನೊಗ ಇಳಿಸಿದೆ.