ಜಬೀವುಲ್ಲಾ ಈಗ ಬರ್ತಾರೆ

ಮಲ್ಲತ್ತಹಳ್ಳಿಯ ಭೈರೇಶ್ ತಾನೊಂದು ಹೋಟೆಲು ತೆರೆಯುತ್ತೇನೆ ಎಂದು ಯಾವತ್ತೂ ಅಂದುಕೊಂಡವನಲ್ಲ. ಅಪ್ಪನ ಕಾಲದ ರಾಗಿ ಹೊಲದಲ್ಲಿ ಎದ್ದ ಮೂರಂತಸ್ತಿನ ಕಟ್ಟಡ, ಅದರ ಬಾಡಿಗೆ, ಅಷ್ಟರಲ್ಲಿ ಅವನ ಸಂಸಾರ ಆರಾಮಾಗಿ ನಡೆಯುತ್ತಿತ್ತು. ಹೋಟೆಲಿನ ಆಸೆ ಜಬೀವುಲ್ಲಾನದು.

ಇಬ್ಬರೂ ಕೆಂಗೇರಿಯ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಒಂದೇ ಸಲ ಎಸ್ಸೆಸ್ಸೆಲ್ಸಿ ಫೇಲಾಗಿ, ಒಂದೇ ಸಲ ಕಟ್ಟಿ ಪಾಸಾದವರು. ಆಮೇಲೆ ಜಬೀವುಲ್ಲಾ ಮಸ್ಕತ್ತಿಗೆ ಹೋಗಿ ಅಲ್ಲಿನ ಹೋಟೆಲೊಂದರ ಅಡುಗೆಮನೆಯಲ್ಲಿ ಹದಿನೆಂಟು ವರ್ಷ ಕಳೆದು ಬಂದ. ಬಂದಾಗ ತಲೆಗೂದಲು ಅರ್ಧ ಉದುರಿತ್ತು, ಮಾತು ಮಾತ್ರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಭೈರೇಶನ ಕೆಳಗಿನ ಮಳಿಗೆಯಲ್ಲಿದ್ದ ಟೈಲ್ಸ್ ಅಂಗಡಿ ಖಾಲಿಯಾದ ವಾರವೇ ಅವನು ಕೊಚ್ಚಿಯ ಕಂಪನಿಯೊಂದರ ಪುಸ್ತಿಕೆ ಹಿಡಿದುಕೊಂಡು ಬಂದು ಕೂತ. ಖುಬೂಸ್ ಬಾಕ್ಸ್ ಅಂತ ಆ ಕಂಪನಿಯ ಹೆಸರು. ಸುಟ್ಟ ಕೋಳಿ, ಅನ್ನ, ಖುಬೂಸ್ ರೊಟ್ಟಿ, ಮೇಲೊಂದಿಷ್ಟು ಬೆಳ್ಳುಳ್ಳಿ ಚಟ್ನಿ, ಎಲ್ಲಾ ಒಂದು ಡಬ್ಬಿಯಲ್ಲಿ. ಗಿರಾಕಿ ಗಾಜಿನ ಮುಂದೆ ನಿಂತು ಬೇಕಾದ್ದನ್ನು ತೋರಿಸಿದರೆ ಮೂರು ನಿಮಿಷದಲ್ಲಿ ಕೈಗೆ ಬರುತ್ತೆ. ಎಲ್ಲಾ ಹಲಾಲ್, ಪ್ರತಿಯೊಂದಕ್ಕೂ ಸರ್ಟಿಫಿಕೇಟು. ಬಿರಿಯಾನಿ ಹೋಟೆಲು ಗಲ್ಲಿಗೆ ಮೂರಿವೆ, ಇದು ಬೇರೆ ಎಂದು ಅವನ ವಾದ. ಸುತ್ತ ಎಷ್ಟು ಕಾಲೇಜು, ಎಷ್ಟು ಹಾಸ್ಟೆಲು. ಮಲಯಾಳಿ ಹುಡುಗರು, ಕಾಶ್ಮೀರದವರು, ಮಣಿಪುರದವರು, ದಾವಣಗೆರೆಯವರು, ಎಲ್ಲರಿಗೂ ಹೊಟ್ಟೆ ಇದೆಯಲ್ಲಪ್ಪ ಎಂದ.

ಭೈರೇಶ್ ಒಪ್ಪಿಕೊಂಡಿದ್ದು ಆ ಲೆಕ್ಕಾಚಾರ ನೋಡಿ ಅಲ್ಲ. ದಿನಾ ಬೆಳಗ್ಗೆ ಜಬೀವುಲ್ಲಾ ಬಂದು ಕೂತು ಮಾತಾಡುವುದು ಅವನಿಗೆ ಇಷ್ಟವಾಗಿತ್ತು. ಮಳಿಗೆ ಅವನದು, ಕೈ ಜಬೀವುಲ್ಲಾನದು ಎಂದು ಮಾತಾಯಿತು. ಅಗ್ರಿಮೆಂಟಿನಲ್ಲಿ ಇಬ್ಬರ ಹೆಸರೂ ಬಿತ್ತು. ಆಗಸ್ಟಿಗೆ ಓಪನಿಂಗ್ ಎಂದು ನಿಗದಿಯಾಯಿತು. ಜುಲೈನಲ್ಲಿ ಜಬೀವುಲ್ಲಾ ಎರಡು ವಾರದ ಟ್ರೈನಿಂಗಿಗೆ ಕೊಚ್ಚಿಗೆ ಹೋದ. ಒಂಬತ್ತನೆಯ ದಿನ ಮಧ್ಯಾಹ್ನ, ಅಲ್ಲಿನ ಅಡುಗೆಮನೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ಏನೋ ಕೇಳುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರಿರಲಿಲ್ಲ.

ಭೈರೇಶನೇ ವಿಮಾನ ಹತ್ತಿ ಹೋಗಿ, ಮಾರನೆಯ ದಿನ ಆಂಬುಲೆನ್ಸಿನಲ್ಲಿ ಡ್ರೈವರ್ ಪಕ್ಕ ಕೂತು ಗೆಳೆಯನನ್ನು ಕರೆತಂದ. ಬೆಳಗ್ಗೆ ಐದಕ್ಕೆ ಹೊರಟು ಸಂಜೆ ಐದಕ್ಕೆ ಕೆಂಗೇರಿ ಸೇರಿದರು. ದಾರಿ ಹೇಗಿತ್ತು ಎಂದು ಹೆಂಡತಿ ಕುಸುಮಾ ಆಮೇಲೆ ಕೇಳಿದಾಗ ಅವನಿಗೆ ನೆನಪಾದದ್ದು ಒಂದೇ. ಸೇಲಂ ದಾಟಿದ ಮೇಲೆ ಡ್ರೈವರ್ ಗಾಡಿ ನಿಲ್ಲಿಸಿದ್ದ, ತಾನು ಇಳಿದು ನಾಲ್ಕು ಇಡ್ಲಿ ತಿಂದಿದ್ದ, ಎರಡನೇ ಸಲ ಚಟ್ನಿ ಹಾಕಿಸಿಕೊಂಡಿದ್ದ. ಖಬರಸ್ತಾನದಲ್ಲಿ ಯಾರೋ ಮೂರು ಹಿಡಿ ಮಣ್ಣು ಹಾಕು ಎಂದರು, ಹಾಕಿದ. ಮನೆಗೆ ಬಂದು ಸ್ನಾನ ಮಾಡಿದ. ಬೆಳಗ್ಗೆ ಎದ್ದು, ಮಳಿಗೆಯಲ್ಲಿ ಪೈಪು ಹಾಕುತ್ತಿದ್ದವರಿಗೆ ಸಿಂಕು ಎಲ್ಲಿ ಬರಬೇಕು ಎಂದು ತೋರಿಸಿದ.

ಅಳು ಬರಲಿಲ್ಲ. ಬರುತ್ತೆ ಎಂದು ಒಂದೆರಡು ದಿನ ಕಾದ. ಆಮೇಲೆ ಕಾಯುವುದನ್ನೂ ಬಿಟ್ಟ.

ಕೆಲಸ ಮಾತ್ರ ತನ್ನ ಪಾಡಿಗೆ ನಡೆಯಿತು. ಗಾಜಿನ ಕೌಂಟರ್ ಬಂತು. ಒಲೆ ಬಂತು. ಕಂಪನಿಯವರು ಕಳಿಸಿದ ಬೋರ್ಡನ್ನು ಕ್ರೇನಿನಲ್ಲಿ ಎತ್ತಿ ಕೂರಿಸಿ, ಓಪನಿಂಗ್ ದಿನದವರೆಗೆ ಇರಲಿ ಎಂದು ಅದಕ್ಕೆ ನೀಲಿ ಪ್ಲಾಸ್ಟಿಕ್ ಸುತ್ತಿದರು. ಸುತ್ತುವ ಮೊದಲು ಬೋರ್ಡು ನೋಡಿದ್ದ ಬಡಾವಣೆ ಸಂಘದ ಸಂಪತ್ ಬಂದು, ಆ ಹಲಾಲ್ ಅನ್ನೋ ಅಕ್ಷರ ಸ್ವಲ್ಪ ಸಣ್ಣದು ಮಾಡಿಸಿದರೆ ನಾಲ್ಕು ಜನರ ಬಾಯಿ ಮುಚ್ಚುತ್ತೆ ನೋಡಿ ಎಂದ. ಮೊದಲಾಗಿದ್ದರೆ ಭೈರೇಶ್ ಜಗಳಕ್ಕೆ ನಿಲ್ಲುತ್ತಿದ್ದ, ಇಲ್ಲವೇ ಸಮಾಧಾನ ಹೇಳುತ್ತಿದ್ದ. ಈಗ ಸುಮ್ಮನೆ ಸಂಪತ್ತನ ಮುಖ ನೋಡಿದ. ನೋಡುತ್ತಲೇ ಇದ್ದ. ಸಂಪತ್ ಒಂದು ನಿಮಿಷ ನಿಂತು, ಹಾಗೇನೂ ಇಲ್ಲ, ಸುಮ್ಮನೆ ಹೇಳಿದೆ ಎಂದು ಹೊರಟುಹೋದ.

ಎರಡನೇ ಮಹಡಿಯಲ್ಲಿ ಒಂಬತ್ತು ವರ್ಷದಿಂದ ಬಾಡಿಗೆಗಿದ್ದ ಚನ್ನವೀರಪ್ಪ, ನೀಲಗಂಗಮ್ಮ ದಂಪತಿ ಇಳಿದು ಬಂದರು. ಬೆಳಗ್ಗೆ ಲಿಂಗಪೂಜೆಯಿಲ್ಲದೆ ನೀರು ಮುಟ್ಟದವರು. ಅಂಗಡಿ ಬೇಡ ಅಂತ ನಾವು ಅನ್ನೋದಿಲ್ಲ, ಹೊಗೆಯ ಕೊಳವೆಯನ್ನು ನಮ್ಮ ಕಿಟಕಿಯಿಂದ ಮೇಲಕ್ಕೆ ಒಯ್ದರೆ ಸಾಕು ಎಂದು ಚನ್ನವೀರಪ್ಪ ಮೆಲ್ಲಗೆ ಕೇಳಿದರು. ಭೈರೇಶ್ ಅವತ್ತೇ ಕೊಳವೆಯನ್ನು ತಾರಸಿಯ ಮೇಲಿನ ತನಕ ಎತ್ತಿಸಿದ. ಅವರು ಧನ್ಯವಾದ ಹೇಳಿದಾಗ ಯಾಕೆ ಹೇಳುತ್ತಿದ್ದಾರೆ ಎಂದು ಅವನಿಗೆ ಕೂಡಲೇ ಹೊಳೆಯಲಿಲ್ಲ.

ಹಲಾಲ್ ತಪಾಸಣೆಗೆ ಕಂಪನಿ ಕಳಿಸಿದ ಫಾರಂ ಮೊದಲೇ ತುಂಬಿಯಾಗಿತ್ತು. ಅಡುಗೆಮನೆಯ ಜವಾಬ್ದಾರಿ ಹೊತ್ತ ವ್ಯಕ್ತಿ ಎಂಬಲ್ಲಿ ಜಬೀವುಲ್ಲಾ ತನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಹೆಸರು ಬದಲಾಯಿಸಿ ಕಳಿಸಿ ಎಂದು ಕಂಪನಿಯ ಏರಿಯಾ ಮ್ಯಾನೇಜರ್ ಶ್ರೀಶ ಮೂರು ಸಲ ಫೋನ್ ಮಾಡಿದ. ಭೈರೇಶ್ ಪೆನ್ನು ಹಿಡಿದು ಕೂತ. ಅಡ್ಡ ಗೆರೆ ಎಳೆಯುವುದಕ್ಕೆ ಆಗಲಿಲ್ಲ. ಹೊಸ ಫಾರಂ ತೆಗೆದುಕೊಳ್ಳಬಹುದಿತ್ತು, ಅದೂ ಆಗಲಿಲ್ಲ. ಇದ್ದ ಹಾಗೇ ತಪಾಸಣೆಯವರಿಗೆ ಕಳಿಸಿಬಿಟ್ಟ.

ಜಬೀವುಲ್ಲಾ ತೀರಿಕೊಂಡ ಹದಿನೇಳನೆಯ ದಿನ ತಪಾಸಣೆಯವರು ಬಂದರು. ಸನಾವುಲ್ಲಾ ಸಾಹೇಬರು ಎಂಬ ಎಪ್ಪತ್ತರ ಹತ್ತಿರದ ಮನುಷ್ಯ. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ರಟ್ಟಿನ ಫೈಲು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಫ್ರಿಜ್ಜು ತೆಗೆದು ನೋಡಿದರು, ಕೋಳಿ ಕೊಡುವವನ ಕಾಗದ ನೋಡಿದರು, ಒಂದೊಂದು ಬಾಟಲಿಯನ್ನೂ ತಿರುಗಿಸಿ ಓದಿದರು. ಸಿಹಿಗೆ ಹಾಕುವ ವೆನಿಲಾ ಎಸೆನ್ಸಿನಲ್ಲಿ ಆಲ್ಕೋಹಾಲ್ ಇದೆ, ಬೇರೆ ತರಿಸಿ ಎಂದರು. ಬಾಗಿಲಿಗೆ ಕುಸುಮಾ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿಯನ್ನು ಒಮ್ಮೆ ತಲೆಯೆತ್ತಿ ನೋಡಿ ಮುಂದಿನ ಬಾಟಲಿ ಎತ್ತಿಕೊಂಡರು. ಆಮೇಲೆ ಫೈಲು ತೆರೆದು, ಜಬೀವುಲ್ಲಾ ಅವರು ಎಲ್ಲಿ, ಅವರ ಹತ್ತಿರ ನಾಲ್ಕು ಮಾತು ಕೇಳಬೇಕು ಎಂದರು.

"ಈಗ ಬರ್ತಾರೆ," ಎಂದ ಭೈರೇಶ್. "ಇಲ್ಲೇ ಹೊರಗಡೆ ಹೋಗಿದಾರೆ."

ಯಾಕೆ ಹಾಗೆ ಹೇಳಿದ ಎಂದು ಅವನಿಗೆ ಗೊತ್ತಿಲ್ಲ. ಮೋಸ ಮಾಡುವ ಯೋಚನೆ ಇರಲಿಲ್ಲ. ಬಾಯಿಗೆ ಬಂದದ್ದು ಅಷ್ಟೇ. ಹೇಳಿದ ಮೇಲೆ, ಎಷ್ಟೋ ದಿನದ ನಂತರ ಮೈ ಹಗುರಾಯಿತು.

ಸಾಹೇಬರು ಪರವಾಗಿಲ್ಲ, ಕಾಯುತ್ತೇನೆ ಎಂದು ಕುರ್ಚಿ ಎಳೆದುಕೊಂಡು ಕೂತರು. ಭೈರೇಶ್ ಚಹಾ ತರಿಸಿದ. ಸಾಹೇಬರು ತಮ್ಮ ಮೊಮ್ಮಗಳ ಕಾಲೇಜಿನ ವಿಷಯ ಹೇಳಿದರು, ಮೆಟ್ರೋ ಬಂದ ಮೇಲೆ ಓಡಾಟ ಎಷ್ಟು ಸಲೀಸಾಯಿತು ಎಂದರು, ಜಬೀವುಲ್ಲಾ ಅವರು ಹೇಗೆ ಎಂದು ಕೇಳಿದರು. ಭೈರೇಶ್ ಹೇಳತೊಡಗಿದ. ಮಸಾಲೆಯನ್ನು ಅಂಗೈಯಲ್ಲೇ ತೂಗುತ್ತಾರೆ, ತಕ್ಕಡಿ ತಪ್ಪಿದರೂ ಅವರ ಕೈ ತಪ್ಪಲ್ಲ. ಬಾಯಿ ಜಾಸ್ತಿ. ಕೋಪ ಬಂದರೆ ಅರಬ್ಬಿಯಲ್ಲಿ ಬಯ್ಯುತ್ತಾರೆ, ಏನು ಅಂತ ಕೇಳಿದರೆ ಹೇಳಲ್ಲ. ಹೀಗೆ ಅರ್ಧ ಗಂಟೆ ಹೇಳಿದ. ಒಂದು ಮಾತನ್ನೂ ಭೂತಕಾಲಕ್ಕೆ ತರಲಿಲ್ಲ.

ಒಂದು ಗಂಟೆ ಕಳೆಯಿತು. ಸಾಹೇಬರು ನಮಾಜಿನ ಹೊತ್ತಾಯಿತು, ಒಂದು ಚೊಕ್ಕಟವಾದ ಜಾಗ ಕೊಡಿ ಎಂದರು. ಭೈರೇಶ್ ಸ್ಟೋರ್ ರೂಮಿನಲ್ಲಿ ಹೊಸ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿ ಹಾಸಿಕೊಟ್ಟು ಹೊರಗೆ ನಿಂತ. ಒಳಗೆ ಮುದುಕರು ಮಂಡಿಯೂರುವ, ಏಳುವ ಸದ್ದು ಕೇಳುತ್ತಿತ್ತು. ಮಂಡಿ ನೋವಿರಬೇಕು, ಪ್ರತಿ ಸಲ ಏಳುವಾಗ ಗೋಡೆ ಹಿಡಿಯುತ್ತಿದ್ದರು. ಈ ಮನುಷ್ಯ ತನ್ನ ಮಾತು ನಂಬಿಕೊಂಡು ಕಾಯುತ್ತಿದ್ದಾರೆ, ಸಂಜೆಯಾದರೂ ಕಾಯುತ್ತಾರೆ ಎಂದು ಅವನಿಗೆ ಆಗ ಅರ್ಥವಾಯಿತು.

ಅವರು ಹೊರಗೆ ಬಂದು ಟೋಪಿ ಮಡಚಿಟ್ಟುಕೊಳ್ಳುವವರೆಗೂ ಕಾದು ಹೇಳಿದ.

"ಅವನು ಬರಲ್ಲ ಸಾರ್. ತೀರ್ಕೊಂಡು ಹದಿನೇಳು ದಿನ ಆಯ್ತು. ನಾನೇ ಹೋಗಿ ಕರ್ಕೊಂಡು ಬಂದೆ."

ಬಯ್ಯುತ್ತಾರೆ ಎಂದುಕೊಂಡಿದ್ದ. ಸಾಹೇಬರು ತುಟಿಯಲ್ಲೇ ಸಾವಿನ ಸುದ್ದಿ ಕೇಳಿದಾಗ ಹೇಳುವ ಮಾತು ಹೇಳಿಕೊಂಡು ಮತ್ತೆ ಕುರ್ಚಿಯಲ್ಲಿ ಕೂತರು. ಆಮೇಲೆ ಫೈಲಿನಿಂದ ಖಾಲಿ ಫಾರಂ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಹಳೇದು ನನ್ನ ಹತ್ರ ಇರಲಿ. ನೀವು ಹೊಡೆದುಹಾಕೋದು ಬೇಡ," ಎಂದರು. "ಆದ್ರೆ ಅಡುಗೆಮನೇಲಿ ನಿಲ್ಲೋರು ಒಬ್ಬರು ಬೇಕಲ್ಲ. ಅವರ ಮನೇಲಿ ಕೇಳಿದೀರಾ?"

ಕೇಳಿರಲಿಲ್ಲ. ಮಣ್ಣು ಮಾಡಿದ ದಿನದಿಂದ ಭೈರೇಶ್ ಆ ಮನೆಯ ಕಡೆ ಹೋಗಿರಲಿಲ್ಲ. ಮಾರನೆಯ ದಿನ ಹೋದ. ಕೆಂಗೇರಿಯ ಹಳೇ ಬೀದಿಯ ಮನೆ. ಜಬೀವುಲ್ಲಾನ ತಾಯಿ ಬಾಗಿಲು ತೆರೆದು, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳದೆ ಕೂರಿಸಿದರು. ಹೆಂಡತಿ ಮುಬೀನಾ ಇದ್ದತ್ತಿನಲ್ಲಿದ್ದರು. ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರಬೇಕು, ಹೊರಗಿನ ಗಂಡಸರ ಎದುರು ಬರುವ ಹಾಗಿಲ್ಲ. ಅವರು ಅಡುಗೆಮನೆಯ ಪರದೆಯ ಹಿಂದಿನಿಂದಲೇ ಮಾತಾಡಿದರು. ಹನ್ನೊಂದು ವರ್ಷದಿಂದ ಕಾಲೇಜಿನ ಮೇಷ್ಟ್ರುಗಳಿಗೆ ಊಟದ ಡಬ್ಬಿ ಕಳಿಸುತ್ತಿದ್ದ ಹೆಂಗಸು. ಗಂಡ ಮಸ್ಕತ್ತಿನಲ್ಲಿದ್ದಾಗಲೂ ಮನೆಯನ್ನು ಎತ್ತಿ ನಿಲ್ಲಿಸಿದ್ದೇ ಆ ಡಬ್ಬಿಗಳು.

ಭೈರೇಶ್ ವಿಷಯ ಹೇಳಿದ. ಮಳಿಗೆಯನ್ನು ಔಷಧಿ ಅಂಗಡಿಗೆ ಕೊಡಬಹುದು, ಕುಸುಮಾಳೂ ಅದನ್ನೇ ಹೇಳುತ್ತಿದ್ದಾಳೆ, ನೀವು ಹೇಗೆ ಹೇಳಿದರೆ ಹಾಗೆ ಎಂದ.

ಪರದೆಯ ಹಿಂದೆ ಒಲೆ ಆರಿಸಿದ ಸದ್ದಾಯಿತು.

"ನನ್ನ ಹೆಸರು ಬರೀರಿ ಭೈರೇಶಣ್ಣ," ಎಂದರು ಮುಬೀನಾ. "ನವೆಂಬರ್ ಕೊನೆಗೆ ನಾನು ಹೊರಗೆ ಬರ್ತೀನಿ. ಅಲ್ಲಿ ತನಕ ಬಾಗಿಲು ಹಾಕಿರಲಿ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಆಮೇಲೆ ಹೇಳ್ಬೇಡಿ."

ಆಗುತ್ತೆ ಎಂದ.

ಶ್ರೀಶನಿಗೆ ಇದು ಒಪ್ಪಿಗೆಯಾಗಲಿಲ್ಲ. ಆಗಸ್ಟಿನ ದಿನಾಂಕ ತಪ್ಪಿದರೆ ಹೆಡ್ಡಾಫೀಸು ಅಗ್ರಿಮೆಂಟ್ ರದ್ದು ಮಾಡಬಹುದು ಎಂದ. ಹಾಗಾದರೆ ರದ್ದು ಮಾಡಿ ಎಂದ ಭೈರೇಶ್. ದನಿಯಲ್ಲಿ ಸಿಟ್ಟಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ರದ್ದಾದರೆ ಅವನಿಗೆ ನಿಜಕ್ಕೂ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಕೊಚ್ಚಿಯವರಿಗೆ ಅದು ಗಟ್ಟಿ ನಿಲುವಿನ ಹಾಗೆ ಕೇಳಿಸಿರಬೇಕು. ತಮ್ಮ ಅಡುಗೆಮನೆಯಲ್ಲೇ ಸತ್ತ ಮನುಷ್ಯನ ನೆನಪೂ ಇದ್ದಿರಬೇಕು. ವಾರದೊಳಗೆ ಡಿಸೆಂಬರಿಗೆ ಒಪ್ಪಿ ಕಾಗದ ಬಂತು. ಮುಬೀನಾರ ಟ್ರೈನಿಂಗ್ ಬೆಂಗಳೂರಿನಲ್ಲೇ ಕಂಪನಿಯ ಇನ್ನೊಂದು ಅಂಗಡಿಯಲ್ಲಿ ಎಂದೂ ಬರೆದಿದ್ದರು.

ಆ ನಾಲ್ಕು ತಿಂಗಳು ಭೈರೇಶ್ ದಿನಾ ಬೆಳಗ್ಗೆ ಶಟರ್ ಎತ್ತಿ, ಯಾರೂ ಮುಟ್ಟದ ಕೌಂಟರ್ ಒರೆಸಿ, ಒಂದಷ್ಟು ಹೊತ್ತು ಕೂತು, ಶಟರ್ ಎಳೆದು ಮನೆಗೆ ಹೋಗುತ್ತಿದ್ದ. ಕುಸುಮಾ ಮೊದಮೊದಲು ಬೈದಳು. ಡಾಕ್ಟರ ಹತ್ತಿರ ಹೋಗೋಣ ಎಂದಳು. ಹೋದರು, ಮಾತ್ರೆ ಕೊಟ್ಟರು, ನಿದ್ದೆ ಬಂತು. ಅಕ್ಟೋಬರಿನಲ್ಲಿ ಒಂದು ದಿನ ಅವಳೇ ಅವನ ಕೈಯಿಂದ ಬಟ್ಟೆ ಕಿತ್ತುಕೊಂಡು ಕೌಂಟರಿನ ಮೂಲೆಗಳನ್ನು ಒರೆಸಿದಳು. ನೀವು ಒರೆಸೋದು ಮಧ್ಯ ಮಾತ್ರ ಎಂದಳು. ಔಷಧಿ ಅಂಗಡಿಯ ಮಾತು ಆಮೇಲೆ ಬರಲಿಲ್ಲ.

ನವೆಂಬರಿನ ಕೊನೆಯಲ್ಲಿ ಮುಬೀನಾ ಹೊರಗೆ ಬಂದರು. ಎರಡು ವಾರ ಟ್ರೈನಿಂಗ್ ಮುಗಿಸಿದರು. ಅವರ ಹೆಸರಿನ ಹೊಸ ಫಾರಂ ಹೋಯಿತು, ಸನಾವುಲ್ಲಾ ಸಾಹೇಬರು ಬಂದು ಅವರ ಹತ್ತಿರ ನಾಲ್ಕಲ್ಲ, ನಲವತ್ತು ಮಾತು ಕೇಳಿ ರುಜು ಹಾಕಿದರು. ಡಿಸೆಂಬರ್ ಮಧ್ಯದ ಒಂದು ಶುಕ್ರವಾರ ಬೋರ್ಡಿನ ಪ್ಲಾಸ್ಟಿಕ್ ತೆಗೆದರು. ಕುಸುಮಾ ಹೊಸ್ತಿಲಲ್ಲಿ ಬೂದುಗುಂಬಳ ಒಡೆದಳು, ಮಸೀದಿಯಿಂದ ಬಂದ ಮೌಲ್ವಿಗಳು ಒಳಗೆ ದುವಾ ಓದಿದರು. ಯಾವುದು ಮೊದಲು ಎಂದು ಯಾರೂ ತಕರಾರು ತೆಗೆಯಲಿಲ್ಲ. ನೀಲಗಂಗಮ್ಮ ಮೇಲಿನ ಮೆಟ್ಟಿಲಲ್ಲೇ ನಿಂತು ನೋಡಿ, ಗಂಡನ ಕೈಯಲ್ಲಿ ಒಂದು ಡಬ್ಬಿ ಸಕ್ಕರೆ ಕಳಿಸಿದರು. ಒಂದು ಗಂಟೆಯ ಹೊತ್ತಿಗೆ ಕಾಲೇಜಿನ ಹುಡುಗರು ಹುಡುಗಿಯರು ಫುಟ್‌ಪಾತಿನ ತನಕ ಸಾಲು ನಿಂತರು. ಗಾಜಿನ ಆಚೆ ಮುಬೀನಾ ಕಂಪನಿಯ ಟೋಪಿಯನ್ನು ಸ್ಕಾರ್ಫಿನ ಮೇಲೆ ಹಾಕಿಕೊಂಡು, ಚಿಕನ್ ಎಷ್ಟು ಹೊತ್ತು ಬೆಂಕಿಯಲ್ಲಿರಬೇಕು ಎಂದು ಒಲೆಯ ಮುಂದಿನ ಕೆಲಸದ ಹುಡುಗಿಗೆ ಕೈಬೆರಳಲ್ಲೇ ಹೇಳಿಕೊಡುತ್ತಿದ್ದರು. ಸಾಲಿನಲ್ಲಿದ್ದ ಒಬ್ಬ ಗಿರಾಕಿ ಓನರ್ ಯಾರು ಸಾರ್ ಎಂದು ಕೇಳಿದಾಗ, ಒಳಗಿದಾರಲ್ಲ ಅವರು, ನಾನೂ ಒಬ್ಬ ಎಂದ ಭೈರೇಶ್.

ಮೂರು ಗಂಟೆಗೆ ಸ್ವಲ್ಪ ಬಿಡುವಾಯಿತು. ಅವನು ಯಾರಿಗೂ ಹೇಳದೆ ಎದ್ದು ಕೆರೆಯ ಕಡೆ ನಡೆದ. ಇವತ್ತು ಅಳು ಬರಬಹುದು ಎಂದುಕೊಂಡಿದ್ದ, ಬಂದರೆ ಅಲ್ಲಿ ಯಾರೂ ನೋಡುವುದಿಲ್ಲ ಎಂದೂ ಅಂದುಕೊಂಡಿದ್ದ. ಏರಿಯ ಮೇಲಿನ ಕಲ್ಲುಬೆಂಚಿನಲ್ಲಿ ಕೂತ. ನೀರಿನ ಮೇಲೆ ಬಿಸಿಲು ಬಿದ್ದಿತ್ತು. ಇಬ್ಬರು ಹೆಂಗಸರು ಬೇಗ ಬೇಗ ನಡೆಯುತ್ತಾ ಒಂದು ಸುತ್ತು ಮುಗಿಸಿದರು, ಇನ್ನೊಂದು ಸುತ್ತೂ ಮುಗಿಸಿದರು. ಅವನ ಕಣ್ಣು ಒಣಗಿಯೇ ಇತ್ತು. ಎದೆಯೊಳಗೆ ಎಲ್ಲಿ ಮುಟ್ಟಿ ನೋಡಿದರೂ ಮರಗಟ್ಟಿದ ಕಾಲು ಮುಟ್ಟಿದ ಹಾಗೇ ಇತ್ತು.

ಫೋನ್ ಬಂತು. ಖುಬೂಸ್ ಮುಗಿಯುತ್ತಾ ಬಂತು, ಸಂಜೆಯ ಜನ ಬರುವ ಮೊದಲು ಇನ್ನೊಂದು ಸಲ ಹಿಟ್ಟು ಕಲಸಬೇಕು, ಮೈದಾ ಚೀಲ ಎತ್ತಿಕೊಡೋರಿಲ್ಲ, ಎಲ್ಲಿದೀರಿ ಎಂದು ಮುಬೀನಾ ಕೇಳಿದರು. ಬರ್ತಾ ಇದೀನಿ ಎಂದು ಅವನು ಎದ್ದು, ಪ್ಯಾಂಟಿಗೆ ಹತ್ತಿದ್ದ ಧೂಳು ಕೊಡವಿಕೊಂಡು ಅಂಗಡಿಯ ಕಡೆ ಹೊರಟ.