ಮಾಗಡಿ ಕೆರೆಗೆ ಬಂದ ಹೀರೋ

ಸಿನಿಮಾ ನಟ ಸಮರೇಂದ್ರನ ಮದುವೆ ಆಗುವುದೂ ಬಿಡುವುದೂ ಮಾಗಡಿ ಊರಿನ ಕೈಯಲ್ಲಿತ್ತು. ಅವನು ಮೆಚ್ಚಿದ ಸೀಮಾಗೆ ಸೆಲ್ಫಿಗೆ ಮುಗಿಬೀಳುವ ಜನರ ಕಾಟ ಸಾಕಾಗಿತ್ತು. ಯಾರೂ ನಿಮ್ಮ ಗುರುತು ಹಿಡಿಯದ ಒಂದೇ ಒಂದು ಊರು ತೋರಿಸಿ, ಆಮೇಲೆ ಮದುವೆ ಮಾತು ಎಂದಿದ್ದಳು. ಮೊದಲು ಸಮುದ್ರದಂಡೆಯ ಮೀನುಗಾರರ ಹಳ್ಳಿಗೆ ಗುಟ್ಟಾಗಿ ಹೋದರೆ, ಅಲ್ಲಿಯವರು ಅವನನ್ನು ದೋಣಿ ಸಮೇತ ಹೊತ್ತು ಮೆರೆಸಿಬಿಟ್ಟರು. ಈಗ ಉಳಿದದ್ದು ಮಾಗಡಿ ಕೆರೆ. ಮುಂಚಿತವಾಗಿ ಬಂದ ಅವನ ಡ್ರೈವರ್, ಊರಿನಲ್ಲಿ ಯಾರೂ ಗುರುತು ಹಿಡಿದಂತೆ ತೋರಿಸಿಕೊಳ್ಳಬಾರದೆಂದು ಕೆರೆ ಕಾಯುವ ಹುಲಿಗೇಶನ ಕೈ ಹಿಡಿದು ಬೇಡಿಕೊಂಡ.

ಸಮರೇಂದ್ರನನ್ನು ಒಮ್ಮೆ ಕಣ್ತುಂಬ ನೋಡಬೇಕೆಂಬುದು ಹುಲಿಗೇಶನ ಜನ್ಮದ ಆಸೆ. ಮುಂಗೈ ಮೇಲೆ ಆ ಮುಖದ ಹಚ್ಚೆಯನ್ನೇ ಹಾಕಿಸಿಕೊಂಡಿದ್ದ. ಆದರೂ, ಪಾಪ, ತನ್ನ ಹೀರೋನ ಸಂಸಾರದ ಪ್ರಶ್ನೆ ಎಂದು ಊರನ್ನು ಒಪ್ಪಿಸಿದ. ಅದೇನೂ ಕಷ್ಟವಾಗಲಿಲ್ಲ. ಚಳಿಗಾಲದಲ್ಲಿ ಪರದೇಶದ ಬಾತುಗಳು ಕೆರೆಗಿಳಿದಾಗ ಊರಿನವರು ಅವನ್ನು ನೆಟ್ಟ ಕಣ್ಣಿನಿಂದ ನೋಡುತ್ತಿರಲಿಲ್ಲ. ನೋಡಿದರೆ ಹಾರಿಹೋಗುತ್ತವೆಂದು ಎಲ್ಲರ ನಂಬಿಕೆ.

“ಹಕ್ಕಿಗೆ ಮಾಡಿದಂಗ ಮಾಡ್ರಿ,” ಎಂದ ಹುಲಿಗೇಶ. “ಬರ್ರಿ, ಆದ್ರ ನೋಡಬ್ಯಾಡ್ರಿ.”

ಹೀಗಾಗಿ ಸಮರೇಂದ್ರ ಕಾರಿನಿಂದ ಇಳಿದಾಗ ಊರಿಗೆ ಊರೇ ಕೆರೆ ಏರಿಯ ಮೇಲೆ ನೆರೆದು, ಅವನಿಗೆ ಬೆನ್ನು ತಿರುಗಿಸಿ ನಿಂತಿತ್ತು.

ಸೀಮಾ ಹಿಗ್ಗಿಹೋದಳು. ಸಮರೇಂದ್ರನಿಗೆ ಮಾತ್ರ ತಡೆಯಲಾಗಲಿಲ್ಲ. ಮಾಸ್ಕ್ ತೆಗೆದ, ಟೋಪಿ ತೆಗೆದ, ಕೆಮ್ಮಿದ. ಕೊನೆಗೆ ಪರದೆಯ ಮೇಲೆ ನಡೆಯುವ ಹಾಗೆ ತೋಳು ಬೀಸುತ್ತ ಏರಿಯುದ್ದಕ್ಕೂ ನಡೆದ.

“ದಾರಿ ಬಿಡ್ರಿ, ಯಾರಿಗೋ ಸೊಂಟ ಹಿಡದೈತಿ,” ಎಂದಳು ಮುದುಕಿ ಹನಮವ್ವ, ಓರೆಗಣ್ಣಿನಲ್ಲಿ.

ಸೀಮಾ ಅಲ್ಲೇ ಮದುವೆಗೆ ಹೂಂ ಎಂದಳು. ಇಬ್ಬರ ಫೋಟೋ ತೆಗೆಯಲು ಹುಲಿಗೇಶನಿಗೆ ಫೋನ್ ಕೊಟ್ಟಳು. ಅವನು ನೆಲ ನೋಡುತ್ತಲೇ ಕೈ ಎತ್ತಿದ. ಹಚ್ಚೆ ಕಾಣದಂತೆ ಮುಂಗೈಗೆ ಸುತ್ತಿಕೊಂಡಿದ್ದ ಟವೆಲ್ ಜಾರಿಬಿತ್ತು.

“ಇದು ಯಾರ ಮುಖ?” ಸೀಮಾ ಹುಬ್ಬು ಗಂಟಿಕ್ಕಿದಳು.

“ನಮ್ಮ ಸ್ವಾದರಮಾವ ರೀ,” ಎಂದ ಹುಲಿಗೇಶ. “ತೀರ್ಕೊಂಡಾನ್ರಿ.”

ಸೀಮಾ ಹಚ್ಚೆಗೆ ಕೈಮುಗಿದಳು. ಸಮರೇಂದ್ರನೂ ತನಗೆ ತಾನೇ ಕೈಮುಗಿಯಬೇಕಾಯಿತು.

“ಇವರ ಹಾಗೇ ಇದಾರಲ್ಲ?” ಅವಳ ಅನುಮಾನ ಹೋಗಿರಲಿಲ್ಲ. “ಇವರನ್ನ ಸರಿಯಾಗಿ ನೋಡಿ ಹೇಳಿ.”

ಅಪ್ಪಣೆಯೇ ಸಿಕ್ಕಿತಲ್ಲ! ಹುಲಿಗೇಶ ತಲೆ ಎತ್ತಿದ. ಹಣೆ, ಕಣ್ಣು, ಬಣ್ಣವಿಲ್ಲದ ಕೆನ್ನೆ, ಗದ್ದದ ಬಿಳಿ ಕೂದಲು, ಒಂದನ್ನೂ ಬಿಡದೆ ನೋಡಿದ. ಸೀಮಾ ಕಾಯುತ್ತಿದ್ದಳು. ಸಮರೇಂದ್ರನೂ ಉಸಿರು ಬಿಗಿಹಿಡಿದು ಕಾಯುತ್ತಿದ್ದ.

“ಇಲ್ಲ ಬಿಡ್ರಿ ಅಕ್ಕಾರ,” ಎಂದ ಹುಲಿಗೇಶ. “ನಮ್ಮ ಮಾವ ಭಾಳ ಚಂದ ಇದ್ದಾ.”