ಕಾರಂಜಿ ಕಟ್ಟೆಯ ಮೇಲೆ ಅಕ್ಕ

ಅಕ್ಕನಿಗೆ ನಗರ ತೋರಿಸಿಕೊಂಡು ಬರುತ್ತೇನೆ ಎಂದು ತಂಗಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ತೋರಿಸುವ ನೆಪದಲ್ಲಿ ತನ್ನನ್ನೇ ನೋಡುತ್ತಿದ್ದಾಳೆ ಎಂಬುದು ಅಕ್ಕನಿಗೆ ತಿಳಿಯದ ವಿಷಯವೇನಲ್ಲ. ಅಕ್ಕ ಒಲೆ ಆರಿಸದೆ ಬಾಗಿಲು ಹಾಕಿಕೊಂಡು ಹೋಗಿದ್ದಳು ಅಂತ ಪಕ್ಕದ ಮನೆಯವಳು ತಂಗಿಯ ಕಿವಿಗೆ ಹಾಕಿದ್ದಳು. ತಂಗಿ ಆಸ್ಪತ್ರೆಯಲ್ಲಿ ನರ್ಸು. ಅಕ್ಕನಿಗೆ ಮರೆವು ಹತ್ತಿದೆ ಎಂದು ಅನುಮಾನಿಸಲು ಅವಳಿಗೆ ಅಷ್ಟು ಸಾಕಾಯಿತು.

"ಎರಡು ದಿನ ನನ್ ಜೊತೆ ಓಡಾಡು. ಎಲ್ಲ ಸರಿ ಇದ್ರೆ ನಾನು ತುಟಿ ಪಿಟಕ್ಕೆನ್ನಲ್ಲ. ಇಲ್ಲಾಂದ್ರೆ ಹೊಲಿಗೆ ಅಂಗಡಿ ಮುಚ್ಚಿ ನಮ್ಮನೆಗೆ ಬಂದ್ಬಿಡ್ಬೇಕು," ಎಂದು ರೈಲಿನಲ್ಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ತಂಗಿಯ ಮನೆಯಲ್ಲಿ ಹೊತ್ತುಹೊತ್ತಿಗೆ ಊಟ ಸಿಗುತ್ತದೆ, ಪಾಪ, ಮುಖ ಸಿಂಡರಿಸುವವರೂ ಯಾರಿಲ್ಲ. ಆದರೆ ಕೈಕಟ್ಟಿ ಕೂರುವುದು ಅಕ್ಕನ ಜಾಯಮಾನದಲ್ಲೇ ಬಂದಿಲ್ಲ. ಗಂಡ ಸತ್ತ ಮೇಲೆ ಅವಳನ್ನು ಎತ್ತಿ ನಿಲ್ಲಿಸಿದ್ದು ಮನೆಯ ಮುಂದಿನ ಕೋಣೆ, ಅಲ್ಲಿನ ತುಳಿಯುವ ಮಿಷಿನ್ನು, ಮೊಳೆಗೆ ನೇತುಬಿದ್ದ ಅರ್ಧ ಹೊಲಿದ ಕೋಟುಗಳು. ಅದಕ್ಕೆ ಬೀಗ ಹಾಕುವುದನ್ನು ನೆನೆಯುವುದೂ ಅವಳಿಗೆ ಬೇಡವಾಗಿತ್ತು.

ಮೊದಲ ದಿನ ಹೇಗೋ ಪಾರಾದಳು. ತಂಗಿ ಕೋಟೆ ಹತ್ತಿಸಿದಳು, ದೋಣಿಯಲ್ಲಿ ಕೂರಿಸಿದಳು, ಸಂತೆಬೀದಿಯಲ್ಲಿ ನೂಕುನುಗ್ಗಲಿನ ನಡುವೆ ಅಲೆಸಿದಳು. ಮರುದಿನ ತಿಂಡಿ ತಿನ್ನುವಾಗ ತಂಗಿ, ಏನೂ ಅರಿಯದವಳ ಹಾಗೆ, "ನಿನ್ನೆ ಏನೇನು ನೋಡಿದ್ವಿ ಅಕ್ಕಾ?" ಅಂದಳು.

"ನೋಡಿದ್ದು ಹಾಳಾಗ್ಲಿ, ನನ್ ಮಂಡಿ ಚಿಪ್ಪು ಕಳಚಿದ್ದೊಂದು ಚೆನ್ನಾಗಿ ನೆನಪಿದೆ," ಎಂದಳು ಅಕ್ಕ. ಇಬ್ಬರೂ ನಕ್ಕರು. ಆಮೇಲೆ ಅಕ್ಕ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಬೆರಳು ಮಡಿಸಿದಳು. ಕೋಟೆ. ದೋಣಿ. ಆಮೇಲೆ? ಬೆರಳು ಹಾಗೇ ನಿಂತಿತು.

ಮಧ್ಯಾಹ್ನ ವಸ್ತುಸಂಗ್ರಹಾಲಯ. ಎಂದೋ ಸತ್ತ ರಾಜರ ಚಪ್ಪಲಿ ನೋಡಲು ಜೀವಂತ ಜನ ಅಷ್ಟುದ್ದ ಸಾಲು ನಿಂತಿದ್ದರು. ಒಂದು ಅಂತಸ್ತು ಮುಗಿಯುವಷ್ಟರಲ್ಲಿ ಅಕ್ಕ ಸುಸ್ತು. "ನಾನು ಮೇಲಿನ ಚಿತ್ರಗಳನ್ನ ನೋಡ್ಕೊಂಡು ಬರ್ತೀನಿ. ನೀನು ಹೊರಗೆ ಕಾರಂಜಿ ಕಟ್ಟೆ ಮೇಲೆ ಕೂತಿರು, ಅಲ್ಲೇ ಬರ್ತೀನಿ," ಎಂದು ತಂಗಿ ಮೆಟ್ಟಿಲು ಹತ್ತಿದಳು.

ಕಾರಂಜಿ ಕಟ್ಟೆ, ಕಾರಂಜಿ ಕಟ್ಟೆ ಎಂದು ಅಕ್ಕ ಬಾಯಿಪಾಠ ಮಾಡುತ್ತಲೇ ಹೊರಬಂದು ಕೂತಳು. ಇನ್ನೊಂದು ಪರೀಕ್ಷೆ, ಇರಲಿ, ಗೆದ್ದೆ ಅನ್ನಿಸಿತು. ನೀರಿನ ತುಂತುರು ಮುಖಕ್ಕೆ ಬಿದ್ದರೆ ಹಿತವಾಗಿಯೇ ಇತ್ತು.

ತಂಗಿ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಜೋಡಿ ಎದ್ದುಹೋಯಿತು, ಬೇರೆ ಜೋಡಿ ಬಂತು, ಅದೂ ಹೋಯಿತು. ಬಿಸಿಲು ಕಟ್ಟೆಯಿಂದ ಇಳಿಯಿತು. ಕಾರಂಜಿ ಅಂದಿದ್ದಳೋ, ಟಿಕೆಟ್ ಕೊಡುವ ಕಿಟಕಿ ಅಂದಿದ್ದಳೋ? ಬಸ್‌ಸ್ಟಾಪ್ ಅಂದಿರಬಹುದೇ? ಒಂದು ಅನುಮಾನ ಎದ್ದದ್ದೇ ತಡ, ಹಿಂದೆಯೇ ಹತ್ತು ಎದ್ದವು. ಹುಡುಕಿ ಹೋಗೋಣವೆಂದರೆ ಇರುವ ಜಾಗವೂ ಕೈಬಿಟ್ಟೀತು. ಎಲ್ಲೋ ಕಾಯುತ್ತ ತಂಗಿ ಗಾಬರಿಯಾಗಿರಬೇಕು, ಪೊಲೀಸರವರೆಗೂ ಹೋಗಿರಬೇಕು. ಎಲ್ಲ ತನ್ನ ಹಾಳು ತಲೆಯಿಂದ.

ಕೊನೆಗೆ ತಂಗಿ ಏದುಸಿರು ಬಿಡುತ್ತ ಓಡಿಬಂದಳು. ಕೂದಲು ಕೆದರಿತ್ತು, ಮುಖ ಕೆಂಪಾಗಿತ್ತು. ಅವಳು ಬಾಯಿ ತೆರೆಯುವ ಮೊದಲೇ ಅಕ್ಕ ಅವಳ ಕೈ ಹಿಡಿದುಕೊಂಡಳು.

"ಬೈಬೇಡ್ವೇ ಪುಟ್ಟಿ. ಎಲ್ಲಿರು ಅಂದೆ ಅನ್ನೋದೇ ಮರೆತುಹೋಯ್ತು. ಈಗೀಗ ದಿನಾ ಹಿಂಗೇ ಆಗ್ತಿದೆ ಕಣೇ. ನಿಂಗೆ ಹೇಳ್ಲಿಲ್ಲ ಅಷ್ಟೇ."

ತಂಗಿ ಮೆಲ್ಲಗೆ, "ಇಲ್ಲೇ ಇರು ಅಂದಿದ್ದೆ ಅಕ್ಕಾ. ನೀನು ಸರಿಯಾಗೇ ಇದ್ದೀಯ. ನಾನೇ ಹಿಂದಿನ ಬಾಗಿಲಿಂದ ಆಚೆ ಹೋಗಿ ದಾರಿ ತಪ್ಪಿಸ್ಕೊಂಡಿದ್ದೆ," ಎಂದಳು.

ಆಡಿದ ಮಾತನ್ನು ನುಂಗಿಕೊಳ್ಳಲು ಅಕ್ಕನಿಗೆ ದಾರಿಯಿರಲಿಲ್ಲ. ತಂಗಿ ಪಕ್ಕದಲ್ಲಿ ಕೂತಳು.

"ಯಾವಾಗಿಂದ?"

"ಒಬ್ರ ಕೋಟಿಗೆ ಎರಡೂ ಎಡಗಡೆ ತೋಳೇ ಇಟ್ಟು ಹೊಲಿದಿದ್ದೆ. ಅವರು ತೊಟ್ಟು ತೋರಿಸೋವರೆಗೂ ನಂಗೆ ಗೊತ್ತಾಗ್ಲಿಲ್ಲ. ಆವಾಗಿಂದ." ಅಕ್ಕ ತಂಗಿಯ ಕೈ ಬಿಡಲಿಲ್ಲ. "ಅಂಗಡಿ ಮುಚ್ಚಿಸ್ಬೇಡ ಕಣೇ."

ತಂಗಿ ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆಗಲಿ, ಮುಚ್ಚಿಸಲ್ಲ ಎಂದು ಮಾತ್ರ ಹೇಳಲಿಲ್ಲ.